ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರಿನ ಕಥೆ

ನಮ್ಮ ಸೋದರಮಾವ ಮಾಟುಂಗದ ಎರಡು ಕೋಣೆಗಳ ಬಿಡಾರದಲ್ಲಿ ಕುಳಿತು ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ಈಗ ನನ್ನ ಮನೆಯಲ್ಲಿದೆ. ಅಲ್ಯುಮಿನಿಯಂ ತಗಡಿನ ಮೇಲೆ ಐದು ವಾಲ್ವುಗಳು, ಎರಡು ಭಾರವಾದ ಟ್ರಾನ್ಸ್‌ಫಾರ್ಮರುಗಳು, ಅಡಿಯಲ್ಲಿ ಮೇಣ ಬಳಿದ ಕಾಗದದ ಕೆಪಾಸಿಟರುಗಳು; ಇಷ್ಟೇ ಅದರ ಆಸ್ತಿ. ಕಳೆದ ದೀಪಾವಳಿಗೆ ಬಂದ ಮೊಮ್ಮಗ ಅದನ್ನು ತಿರುಗಿಸಿ ನೋಡಿ, “ಅಜ್ಜಾ, ಇದರ ಭಾಗಗಳನ್ನೆಲ್ಲ ಬದಲಿಸಿ ಸುಧಾರಿಸೋಣವೆ?” ಎಂದು ಕೇಳಿದ. ಎಲ್ಲ ಬದಲಿಸಿದರೆ ಅದು ಮಾವನ ಯಂತ್ರವಾಗಿ ಉಳಿಯುವುದೆ? ಏನೂ ಬದಲಿಸದಿದ್ದರೆ ಹಾಡುವುದೆ? ಇಂಥ ಯಂತ್ರಗಳನ್ನು ಹಿಂದಿನವರು ಹೇಗೆ ಸುಧಾರಿಸುತ್ತ ಬಂದರೆಂದು ತಿಳಿಯದೆ ಉತ್ತರ ಹೇಳುವುದು ಸರಿಯಲ್ಲವೆನಿಸಿತು.

ಕಥೆ ಒಂದು ದೋಣಿಯಲ್ಲಿ ಆರಂಭವಾಗುತ್ತದೆ. 1927ರ ಆಗಸ್ಟ್ 2ರ ಬೆಳಿಗ್ಗೆ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಇಂಜಿನಿಯರ್ ಹಡ್ಸನ್ ನದಿಯನ್ನು ದಾಟಿ ನ್ಯೂಯಾರ್ಕಿನ ಬೆಲ್ ಪ್ರಯೋಗಶಾಲೆಗೆ ಕೆಲಸಕ್ಕೆ ಹೊರಟಿದ್ದ. ದೂರದ ಟೆಲಿಫೋನ್ ತಂತಿಗಳಲ್ಲಿ ದನಿ ಕೆಡದಂತೆ ಹಿಗ್ಗಿಸುವುದು ಹೇಗೆಂಬ ಪ್ರಶ್ನೆ ಅವನನ್ನು ವರ್ಷಗಳಿಂದ ಕಾಡಿತ್ತು. ಉತ್ತರ ಹೊಳೆದಾಗ ಕೈಯಲ್ಲಿದ್ದುದು ದಿನಪತ್ರಿಕೆ ಮಾತ್ರ. ಅದರ ಪುಟದ ಮೇಲೆಯೇ ಬರೆದುಕೊಂಡ. ಹೊರಬರುವ ದನಿಯ ಒಂದಂಶವನ್ನು ತಲೆಕೆಳಗಾಗಿಸಿ ಮತ್ತೆ ಒಳಬಾಗಿಲಿಗೇ ಕೊಟ್ಟರೆ, ಯಂತ್ರ ತಾನು ಮಾಡಿದ ತಪ್ಪನ್ನು ತಾನೇ ಕಳೆದುಕೊಳ್ಳುತ್ತದೆ. ದನಿಯ ಗಾತ್ರ ತಗ್ಗುತ್ತದೆ ನಿಜ, ಆದರೆ ವಿಕೃತಿಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್.

ಟೆಲಿಫೋನಿನವರ ಈ ವಿದ್ಯೆಯನ್ನು ಮನೆಮನೆಯ ಮೇಜಿಗೆ ತಂದವನು ಎಡಿನ್‌ಬರೋದಲ್ಲಿ ಹುಟ್ಟಿದ ಡಿ.ಟಿ.ಎನ್. ವಿಲಿಯಮ್ಸನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನು ಲಂಡನ್ನಿನ ಎಂ.ಓ. ವಾಲ್ವ್ ಕಂಪನಿಯಲ್ಲಿದ್ದ, ವಯಸ್ಸು ಇಪ್ಪತ್ತರ ಆಸುಪಾಸು. ಅಲ್ಲಿ ರೂಪಿಸಿದ ಆಂಪ್ಲಿಫೈಯರಿನ ನಕ್ಷೆಯನ್ನು 1947ರ ಏಪ್ರಿಲ್ ಮತ್ತು ಮೇ ತಿಂಗಳ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಕೆ.ಟಿ. 66 ಎಂಬ ಎರಡು ವಾಲ್ವುಗಳನ್ನು ಟ್ರಯೋಡಿನಂತೆ ಜೋಡಿಸಿ ಹದಿನೈದು ವಾಟು ಶಕ್ತಿ ಪಡೆದಿದ್ದ. ವಿಕೃತಿ ನೂರಕ್ಕೆ 0.1ರಷ್ಟು. ಅಂದಿನ ಮನೆಯ ರೇಡಿಯೋಗಳಿಗೆ ಕನಸಿನಲ್ಲಿಯೂ ಎಟುಕದ ಅಂಕಿ ಅದು.

ಈ ನಕ್ಷೆಯ ಜೀವವೆಲ್ಲ ವಾಲ್ವಿನಲ್ಲಿರಲಿಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿತ್ತು. ವಾಲ್ವುಗಳ ಹೆಚ್ಚು ವೋಲ್ಟೇಜಿನ ದನಿಯನ್ನು ಸ್ಪೀಕರಿಗೆ ಒಗ್ಗುವಂತೆ ಇಳಿಸುವ ಕಬ್ಬಿಣ ಮತ್ತು ತಾಮ್ರದ ಗಟ್ಟಿ ಅದು. ಫೀಡ್‌ಬ್ಯಾಕ್ ಅದನ್ನೂ ಒಳಗೊಂಡು ಸುತ್ತಿ ಬರಬೇಕಾದುದರಿಂದ ವಿಲಿಯಮ್ಸನ್ ಅದನ್ನು ಬಹು ಕಟ್ಟುನಿಟ್ಟಾಗಿ ವಿಧಿಸಿದ್ದ. ಅಗ್ಗದ ಟ್ರಾನ್ಸ್‌ಫಾರ್ಮರು ಅತಿ ಮಂದ್ರದಲ್ಲಿಯೂ ಅತಿ ತಾರದಲ್ಲಿಯೂ ದನಿಯ ಅಲೆಯನ್ನು ಹೊರಳಿಸಿಬಿಡುತ್ತದೆ. ಆಗ ತಪ್ಪನ್ನು ಕಳೆಯಬೇಕಾದ ಫೀಡ್‌ಬ್ಯಾಕ್ ತಪ್ಪನ್ನು ಕೂಡಿಸತೊಡಗುತ್ತದೆ, ಸ್ಪೀಕರು ಮೋಟಾರು ದೋಣಿಯಂತೆ ಪುಟಪುಟ ಎನ್ನುತ್ತದೆ. ನಕ್ಷೆಯನ್ನು ನಂಬಿ ಟ್ರಾನ್ಸ್‌ಫಾರ್ಮರಿನಲ್ಲಿ ಉಳಿತಾಯ ಮಾಡಿದವರಿಗೆಲ್ಲ ಈ ದೋಣಿಯ ಪರಿಚಯವಾಯಿತು. ಮಂದ್ರ ಚೆನ್ನಾಗಿ ಬರಲೆಂದು ಕೆಪಾಸಿಟರುಗಳನ್ನು ಕಣ್ಣುಮುಚ್ಚಿ ದೊಡ್ಡದು ಮಾಡಿದವರ ಯಂತ್ರ ಇನ್ನಷ್ಟು ಕೆಟ್ಟಿದ್ದೂ ಉಂಟು. ಸ್ವತಃ ವಿಲಿಯಮ್ಸನ್ 1949ರ ಆಗಸ್ಟಿನಲ್ಲಿ ಅದೇ ಪತ್ರಿಕೆಯಲ್ಲಿ ಪರಿಷ್ಕೃತ ನಕ್ಷೆಯನ್ನು ಕೊಟ್ಟ.

ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ‘ಆಡಿಯೋ ಇಂಜಿನಿಯರಿಂಗ್’ ಪತ್ರಿಕೆಯಲ್ಲಿ ಸಾರ್ಸರ್ ಮತ್ತು ಸ್ಪ್ರಿಂಕಲ್ ಎಂಬಿಬ್ಬರು ಕೆ.ಟಿ. 66ರ ಬದಲು 807 ವಾಲ್ವುಗಳನ್ನು ಬಳಸಿ ಇದನ್ನೇ ಕಟ್ಟುವ ಬಗೆ ತಿಳಿಸಿದರು. ಇವರಲ್ಲಿ ಸಾರ್ಸರ್ ವೃತ್ತಿಯಿಂದ ಪಿಟೀಲು ವಾದಕ, ತೋಸ್ಕನೀನಿಯ ವಾದ್ಯವೃಂದದವನು. ಕಿವಿಯುಳ್ಳವನು ಬೆಸುಗೆ ಕಡ್ಡಿ ಹಿಡಿದರೆ ಅದರ ಸೊಗಸೇ ಬೇರೆ!

ಮುಂದಿನ ದೊಡ್ಡ ಹೆಜ್ಜೆ 1951ರದು. ಡೇವಿಡ್ ಹಾಫ್ಲರ್ ಮತ್ತು ಹರ್ಬರ್ಟ್ ಕೆರೋಸ್, ವಾಲ್ವಿನೊಳಗಿನ ಸ್ಕ್ರೀನ್ ಎಂಬ ಜಾಲರಿಯ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಸುತ್ತುಗಳ ನಡುವೆ, ನೂರಕ್ಕೆ ಸುಮಾರು 43ರ ಜಾಗದಲ್ಲಿ ಜೋಡಿಸಿದರು. ಟ್ರಯೋಡಿನ ಸೌಮ್ಯತೆಯೂ ಉಳಿಯಿತು, ಶಕ್ತಿಯೂ ಹೆಚ್ಚಿತು. ಇದಕ್ಕೆ ‘ಅಲ್ಟ್ರಾ ಲೀನಿಯರ್’ ಎಂದು ಹೆಸರಿಟ್ಟರು. ಹಳೆಯ ವಿಲಿಯಮ್ಸನ್ ಯಂತ್ರಕ್ಕೆ ಈ ಮಾರ್ಪಾಟನ್ನು ಮಾಡುವುದು ಹೇಗೆಂದು 1952ರಲ್ಲಿ ಬರೆದರು: ಟ್ರಾನ್ಸ್‌ಫಾರ್ಮರ್ ಬದಲಿಸಿ, ಕೆಲವೇ ತಂತಿ ಬಿಚ್ಚಿ ಬೆಸೆದರೆ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಮನೆಯಲ್ಲಿ ಕಟ್ಟಿದ ಯಂತ್ರಗಳ ಸುಧಾರಣೆಯ ಚರಿತ್ರೆಯಲ್ಲಿ ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ಫಲ ಸಿಕ್ಕ ಉದಾಹರಣೆ ನನಗಂತೂ ಬೇರೆ ಕಾಣದು. ಒಂದು ಮಾತು ಹೇಳಲೇಬೇಕು. ಈ ಉಪಾಯಕ್ಕೆ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1937ರಲ್ಲಿಯೇ ಪೇಟೆಂಟಿನ ಅರ್ಜಿ ಹಾಕಿದ್ದ. 1942ರಲ್ಲಿ ರಾಡಾರ್ ಪರೀಕ್ಷೆಯ ವಿಮಾನ ಬಿದ್ದು ಅವನು ತೀರಿಕೊಂಡ. ಕೀರ್ತಿ ಹಿಂದೆ ಬಂದವರ ಪಾಲಾಯಿತು.

1954ರಲ್ಲಿ ಮಲ್ಲಾರ್ಡ್ ಕಂಪನಿ ಐದು ವಾಲ್ವು, ಹತ್ತು ವಾಟಿನ ‘ಫೈವ್ ಟೆನ್’ ನಕ್ಷೆಯನ್ನು ಹೊರತಂದಿತು. ಖರ್ಚು ಕಡಿಮೆ, ಗಾತ್ರ ಚಿಕ್ಕದು. ಮಾವನವರು ಕಟ್ಟಿದ್ದು ಇದನ್ನೇ. ಅವರ ವಾಲ್ವುಗಳು ಮಾತ್ರ ಇಂಗ್ಲೆಂಡಿನವಲ್ಲ, ನಮ್ಮ ಬೆಂಗಳೂರಿನವು! 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಿಂದ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳನ್ನು ಮಾಡತೊಡಗಿತ್ತು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಬಿ.ಇ.ಎಲ್. ಎಂಬ ಅಕ್ಷರ ಕಂಡಾಗ ಮಾವ ಊರಿನ ನೆಂಟರನ್ನು ಕಂಡವರಂತೆ ಹಿಗ್ಗುತ್ತಿದ್ದರು.

ಮೊದಲು ಹಾಕಿದ್ದು ಅಗ್ಗದ ಟ್ರಾನ್ಸ್‌ಫಾರ್ಮರು. ಮಲ್ಲಿಕಾರ್ಜುನ ಮನಸೂರರ ಕಂಠ ಕೇಳುತ್ತಿತ್ತು, ಹಿಂದಿನ ತಂಬೂರಿಯ ಖರ್ಜದ ತಂತಿ ಕೇಳುತ್ತಿರಲಿಲ್ಲ. ಧಾರವಾಡದಲ್ಲಿ ಬೈಠಕ್‌ಗಳ ಎದುರು ಕುಳಿತು ಬೆಳೆದ ಮಾವನಿಗೆ ಅದು ಸಹನವಾಗಲಿಲ್ಲ. ಒಂದು ಹಬ್ಬದ ಮುನ್ನಾದಿನ ಒಳ್ಳೆಯ ಟ್ರಾನ್ಸ್‌ಫಾರ್ಮರನ್ನು ಹೊತ್ತು ತಂದರು. ಅತ್ತೆ ನೋಡಿ, “ಸೀರಿ ರೊಕ್ಕದಾಗ ಕಬ್ಬಿಣದ ಗಡ್ಡಿ ತಂದೀರೇನ್ರಿ?” ಎಂದರು. ಮಾವ ಮಾತಾಡಲಿಲ್ಲ. ರಾತ್ರಿ ಬೆಸೆದು ಸ್ವಿಚ್ಚು ಹಾಕಿದೊಡನೆ ಯಂತ್ರ ಚಾಳಿನವರೆಲ್ಲ ಎದ್ದುಬರುವಂತೆ ಅರಚಿತು. ಎರಡು ತಂತಿ ಅದಲುಬದಲಾಗಿ ಫೀಡ್‌ಬ್ಯಾಕ್ ತಿರುಗಿಬಿದ್ದಿತ್ತು. ಬದಲಿಸಿದ ಮೇಲೆ ತಂಬೂರಿ ಬಂತು, ನಾಲ್ಕೂ ತಂತಿಗಳೊಂದಿಗೆ. ಅಡಿಗೆಮನೆಯಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತಿದ್ದು ನನಗೆ ನೆನಪಿದೆ. ಆ ವರ್ಷ ಅವರಿಗೆ ಸೀರೆ ಬರಲಿಲ್ಲವೆಂಬುದೂ ನೆನಪಿದೆ.

ಇನ್ನು ಮೊಮ್ಮಗನ ಪ್ರಶ್ನೆ. ರಷ್ಯಾ, ಚೀನಗಳಲ್ಲಿ ಇಂದಿಗೂ ವಾಲ್ವುಗಳು ತಯಾರಾಗುತ್ತವೆ. ದುಬಾರಿ ಕೆಪಾಸಿಟರು, ಬೆಳ್ಳಿಯ ತಂತಿ ಎಂದೆಲ್ಲ ಮಾರುವವರೂ ಇದ್ದಾರೆ. ಬೆಳ್ಳಿಯ ತಂತಿಯ ಮಹಿಮೆಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಮೇಣದ ಕೆಪಾಸಿಟರುಗಳ ವಿಷಯ ಬೇರೆ. ಮುಂಬಯಿಯ ತೇವದ ಹವೆಗೆ ಕಾಗದ ಕೆಟ್ಟು, ತಡೆಯಬೇಕಾದ ವೋಲ್ಟೇಜನ್ನು ಸೋರಗೊಡುತ್ತದೆ. ಅದು ಮುಂದಿನ ವಾಲ್ವಿನ ಗ್ರಿಡ್ಡಿಗೆ ಇಳಿದರೆ ವಾಲ್ವು ಮಿತಿಮೀರಿ ಕಾದು, ಕೊನೆಗೆ ಟ್ರಾನ್ಸ್‌ಫಾರ್ಮರಿನ ಸುತ್ತೂ ಸುಡಬಹುದು. ವಾಲ್ವು ಕೊಳ್ಳಬಹುದು, ಆ ಟ್ರಾನ್ಸ್‌ಫಾರ್ಮರು ಎಲ್ಲಿ ಸಿಕ್ಕೀತು?

ಇಬ್ಬರೂ ಕೂತು ಅಳೆದೆವು. ಮುನ್ನೂರು ವೋಲ್ಟಿಗೂ ಮೀರಿದ ಯಂತ್ರ. ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತು ದೊಡ್ಡ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಒಂದು ಕೈ ಜೇಬಿನಲ್ಲಿಟ್ಟೇ ಮುಟ್ಟಬೇಕೆಂದು ಮಾವ ಹೇಳಿಕೊಟ್ಟದ್ದನ್ನು ಅವನಿಗೂ ಹೇಳಿಕೊಟ್ಟೆ. ಒಂದು ಗ್ರಿಡ್ಡಿನಲ್ಲಿ ಆಗಲೇ ನಾಲ್ಕು ವೋಲ್ಟು ಸೋರಿತ್ತು. ಎರಡು ಕಾಗದದ ಕೆಪಾಸಿಟರುಗಳನ್ನು ತೆಗೆದು ಅದೇ ಅಳತೆಯ ಪಾಲಿಯೆಸ್ಟರಿನವನ್ನು ಮೊಮ್ಮಗ ಬೆಸೆದ. ಮತ್ತೆ ಅಳೆದಾಗ ಮುಳ್ಳು ಸೊನ್ನೆಯಲ್ಲಿ ನಿಂತಿತು. ವಾಲ್ವುಗಳೂ ಟ್ರಾನ್ಸ್‌ಫಾರ್ಮರೂ ಇದ್ದಂತೆಯೇ ಇವೆ. ತೆಗೆದ ಕೆಪಾಸಿಟರುಗಳನ್ನು ಅವನು ಎಸೆಯಲಿಲ್ಲ, ಕಾಗದದಲ್ಲಿ ಸುತ್ತಿ ಊರಿಗೆ ಒಯ್ದಿದ್ದಾನೆ.