ಪ್ಲೇಗ್ ಪಾಸ್‌ಪೋರ್ಟಿನಿಂದ ಆರೋಗ್ಯ ಸೇತುವಿನವರೆಗೆ

2020ರ ಏಪ್ರಿಲ್ 2ರಂದು ಕೇಂದ್ರ ಸರ್ಕಾರ ಆರೋಗ್ಯ ಸೇತು ಆ್ಯಪನ್ನು ಹೊರತಂದಾಗ ಅದನ್ನು ಕಂಡುಕೇಳರಿಯದ ಉಪಾಯವೆಂಬಂತೆ ಸಾರಲಾಯಿತು. ಹದಿಮೂರೇ ದಿನಗಳಲ್ಲಿ ಅದು ಐದು ಕೋಟಿ ಫೋನುಗಳಿಗೆ ಇಳಿಯಿತು. ಮೇ ಮಧ್ಯದ ಹೊತ್ತಿಗೆ ಹತ್ತು ಕೋಟಿ ದಾಟಿತ್ತು. ಹತ್ತಿರ ಬಂದ ಫೋನುಗಳನ್ನು ಬ್ಲೂಟೂತ್ ಗುರುತಿಟ್ಟುಕೊಳ್ಳುತ್ತದೆ, ಓಡಾಡಿದ ಜಾಗವನ್ನು ಜಿಪಿಎಸ್ ಹೇಳುತ್ತದೆ, ಯಾರಿಗಾದರೂ ಸೋಂಕು ತಗುಲಿದರೆ ಅವರ ಸಮೀಪ ಸುಳಿದವರಿಗೆಲ್ಲ ಎಚ್ಚರಿಕೆ ಹೋಗುತ್ತದೆ ಎಂಬುದು ಅದರ ಲೆಕ್ಕಾಚಾರ. ತಂತ್ರ ಹೊಸದು, ನಿಜ. ಆದರೆ ಕಾಯಿಲೆಯವರು ಯಾರ ಪಕ್ಕ ಕೂತಿದ್ದರು, ಯಾವ ರೈಲಿನಲ್ಲಿ ಬಂದರು, ಜೊತೆಗಿದ್ದವರು ಈಗ ಎಲ್ಲಿದ್ದಾರೆ ಎಂದು ಬಾಗಿಲು ತಟ್ಟಿ ಕೇಳುವ ಕೆಲಸಕ್ಕೆ ಈ ದೇಶದಲ್ಲಿ ನೂರಿಪ್ಪತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಆ್ಯಪಿನ ಗೆಲುವು ಸೋಲುಗಳನ್ನು ಅದರ ತಂತ್ರಜ್ಞಾನದಲ್ಲಿ ಹುಡುಕುವುದು ವ್ಯರ್ಥವೆನಿಸುತ್ತದೆ. ಸಲಕರಣೆ ಲೆಡ್ಜರ್ ಪುಸ್ತಕವಾಗಿರಲಿ, ಸ್ಮಾರ್ಟ್‌ಫೋನಾಗಿರಲಿ, ನಿಜ ಹೇಳಿದವರಿಗೇ ಪೆಟ್ಟು ಬೀಳುವಂತಿದ್ದರೆ ಜನ ಬಾಯಿ ಬಿಡುವುದಿಲ್ಲ. ಜನ ಬಾಯಿ ಬಿಡದೆ ರೋಗದ ಜಾಡು ಸಿಗುವುದಿಲ್ಲ.

1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಮರುವರ್ಷದ ಫೆಬ್ರವರಿಯಲ್ಲೇ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ನಾಲ್ಕೇ ಸೆಕ್ಷನ್ನುಗಳ, ಒಂದೂವರೆ ಪುಟದಷ್ಟಿನ ಕಾನೂನು ಅದು. ಅಧಿಕಾರಿಗಳು ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು, ಮೀರಿದವರಿಗೆ ದಂಡನೆಯುಂಟು, ಸದ್ಭಾವನೆಯಿಂದ ನಡೆದುಕೊಂಡ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಚ್ಚುಕಡಿಮೆ ಅದರ ಹೂರಣವೆಲ್ಲ ಇಷ್ಟೆ. ಅಧಿಕಾರಿಗಳು ಮನೆಯೊಳಗೆ ನುಗ್ಗಿದರೆ ಆ ಕುಟುಂಬಕ್ಕೆ ಏನು ರಕ್ಷಣೆ ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿರಲಿಲ್ಲ. ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡ್ ಮನೆ ಶೋಧನೆಗೆ ಸೈನಿಕರನ್ನೇ ಇಳಿಸಿದ. ದೇವರ ಕೋಣೆ, ಹೆಂಗಸರ ಕೋಣೆ ಎನ್ನದೆ ಹುಡುಕಾಟ ನಡೆಯಿತು. ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಸಾಗಿಸಿದರು. ಇದರ ಫಲ ಏನಾಯಿತೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ: 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ರ‍್ಯಾಂಡ್ ಗುರಿಯಾದ. ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಫಲವಿದೆ. ಜನ ರೋಗಿಗಳನ್ನು ಬಚ್ಚಿಟ್ಟರು, ಸತ್ತವರನ್ನು ಗುಟ್ಟಾಗಿ ಮಣ್ಣು ಮಾಡಿದರು, ಗಂಟು ಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಹಾಗೆ ಊರು ಬಿಟ್ಟವರೊಂದಿಗೆ ರೋಗವೂ ಹೊರಟಿತು.

ಧಾರವಾಡ, ಹುಬ್ಬಳ್ಳಿಯ ಕಡೆ ಹಬ್ಬಿದ್ದ ಪ್ಲೇಗ್ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ ವೇಗ ಬಂದದ್ದು ಆ ರೋಗದ ದೆಸೆಯಿಂದಲೇ. ಊರು ಕಟ್ಟಿದ ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆಯೆದ್ದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ನೆರೆಯ ಮದರಾಸು ಪ್ರಾಂತ್ಯದಲ್ಲಿ ಪ್ಲೇಗ್ ಪಾಸ್‌ಪೋರ್ಟ್ ಎಂಬ ವ್ಯವಸ್ಥೆ ಇತ್ತು. ಸೋಂಕಿನ ಊರಿನಿಂದ ಬಂದ ಪ್ರಯಾಣಿಕನ ಹೆಸರು, ಹೋಗುವ ವಿಳಾಸ ಬರೆದುಕೊಂಡು ಒಂದು ಚೀಟಿ ಕೊಡುತ್ತಿದ್ದರು. ಅವನು ತಲುಪಿದ ಊರಿನಲ್ಲಿ ಹತ್ತು ದಿನ ತಪ್ಪದೆ ಅಧಿಕಾರಿಯ ಮುಂದೆ ನಿಂತು ಹಾಜರಿ ಹಾಕಬೇಕಿತ್ತು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ತಂದ ಕ್ವಾರಂಟೈನ್ ವಾಚ್ ಆ್ಯಪಿನ ಅಜ್ಜ ಈ ಚೀಟಿ. ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಅದರಲ್ಲಿ ನಿಯಮವಿತ್ತು. ವಿಪರ್ಯಾಸವೆಂದರೆ, ಪ್ಲೇಗಿನ ಕಾಲದ ಈ ಶೋಧನೆಯೆಲ್ಲ ಬಹುಪಾಲು ತಪ್ಪು ದಾರಿಯಲ್ಲಿ ಸಾಗಿತ್ತು. ಗಡ್ಡೆ ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ 1898ರಲ್ಲೇ ಕಂಡುಕೊಂಡಿದ್ದ. ಅದನ್ನು ಸರ್ಕಾರಿ ವೈದ್ಯಲೋಕ ಒಪ್ಪಿಕೊಳ್ಳಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಇಲಿಯನ್ನು ಬಿಟ್ಟು ಮನುಷ್ಯರನ್ನು ಬೆನ್ನಟ್ಟಿದ್ದಾಯಿತು.

ಇದಕ್ಕೆ ತದ್ವಿರುದ್ಧವಾದ ಅಧ್ಯಾಯ ಸಿಡುಬಿನದು. ಎಲ್ಲರಿಗೂ ದೇವಿ ಹಾಕಿದರೆ ರೋಗ ತಾನಾಗಿ ನಿಲ್ಲುತ್ತದೆಂದು ನಂಬಿ ದಶಕಗಟ್ಟಲೆ ದುಡಿದರೂ ಅದು ಭಾರತದಿಂದ ತೊಲಗಿರಲಿಲ್ಲ. 1973ರಿಂದ ದಾರಿ ಬದಲಾಯಿತು: ಪ್ರತಿ ರೋಗಿಯನ್ನೂ ಹುಡುಕುವುದು, ಅವನ ಸುತ್ತಲಿನವರಿಗೆಲ್ಲ ತಕ್ಷಣ ಲಸಿಕೆ ಹಾಕಿ ರೋಗವನ್ನು ಅಲ್ಲೇ ಕಟ್ಟಿಹಾಕುವುದು. ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡು ಹಿಡಿದು ಹಳ್ಳಿ ಹಳ್ಳಿ ಸುತ್ತಿದರು. ಶಾಲೆ ಮಕ್ಕಳನ್ನು ಕೇಳಿದರು, ಸಂತೆಯಲ್ಲಿ ವಿಚಾರಿಸಿದರು. ಪ್ರಕರಣ ತಿಳಿಸಿದವರಿಗೆ ಬಹುಮಾನವಿತ್ತು. ರೋಗ ಕಡಿಮೆಯಾದಷ್ಟೂ ಮೊತ್ತ ಏರುತ್ತ ಹೋಗಿ ಕೊನೆಗೆ ಸಾವಿರ ರೂಪಾಯಿಗೆ ಮುಟ್ಟಿತು. ಆ ಕಾಲದ ಕೂಲಿಯವನಿಗೆ ಅದು ಹಲವು ತಿಂಗಳ ಸಂಪಾದನೆ. 1974ರಲ್ಲಿ ದೇಶದಲ್ಲಿ 1.88 ಲಕ್ಷ ಸಿಡುಬು ಪ್ರಕರಣಗಳು ದಾಖಲಾಗಿದ್ದವು. 1975ರ ಮೇ ತಿಂಗಳ ನಂತರ ಒಂದೂ ಇಲ್ಲ. ಈ ಅಧ್ಯಾಯವನ್ನು ಬರೀ ಸೌಜನ್ಯದ ಕಥೆಯೆಂದು ಹೇಳಿದರೆ ಸುಳ್ಳಾಗುತ್ತದೆ. ಕೊನೆಯ ಹಂತದಲ್ಲಿ ರಾತ್ರೋರಾತ್ರಿ ಮನೆಗೆ ನುಗ್ಗಿ, ಹಿಡಿದು ಲಸಿಕೆ ಚುಚ್ಚಿದ ಪ್ರಸಂಗಗಳನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಆದರೆ ಬಲಾತ್ಕಾರ ನಡೆದದ್ದು ಹೆಚ್ಚಾಗಿ ಲಸಿಕೆ ಹಾಕುವಾಗ. ರೋಗಿ ಎಲ್ಲಿದ್ದಾನೆಂಬ ಸುದ್ದಿ ಬಂದದ್ದು ಕಾರ್ಡಿನಿಂದ, ಸಂತೆಯ ಮಾತಿನಿಂದ, ಬಹುಮಾನದ ಆಸೆಯಿಂದ. ಪುಣೆಯಲ್ಲಿ ರೋಗಿ ಇದ್ದಾನೆಂದು ಹೇಳಿದರೆ ಕುಟುಂಬವೇ ಶಿಬಿರದ ಪಾಲಾಗುತ್ತಿತ್ತು. ಇಲ್ಲಿ ಹೇಳಿದವರ ಕೈಗೆ ದುಡ್ಡು ಬರುತ್ತಿತ್ತು. ಒಂದೇ ಕೆಲಸಕ್ಕೆ ಎರಡು ಬೇರೆ ಬೇರೆ ಫಲ ಬರಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣದು.

ಕೋವಿಡ್ ಬಂದಾಗ ಕರ್ನಾಟಕ ಈ ಎರಡರಲ್ಲಿ ಯಾವ ಪಾಠ ಓದಿತು? ಶುರುವಿನಲ್ಲಿ ಕೆಲಸ ಚುರುಕಾಗಿಯೇ ನಡೆಯಿತು. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು 2020ರ ಮಾರ್ಚ್‌ನಲ್ಲಿ, ಕಲಬುರಗಿಯಲ್ಲಿ. ಅಲ್ಲಿಂದಾಚೆಗೆ ಪಿ-ನಂಬರು (ಸೋಂಕಿತರ ಕ್ರಮಸಂಖ್ಯೆ), ಟ್ರಾವೆಲ್ ಹಿಸ್ಟರಿ, ಪ್ರಥಮ ಸಂಪರ್ಕಿತರು, ದ್ವಿತೀಯ ಸಂಪರ್ಕಿತರು ಎಂಬ ಪದಗಳು ಮನೆಮಾತಾದವು. ಶಾಲಾ ಮೇಷ್ಟ್ರುಗಳು, ಆಶಾ ಕಾರ್ಯಕರ್ತೆಯರು, ಪೊಲೀಸರು ಸೇರಿ ಒಬ್ಬೊಬ್ಬ ಸೋಂಕಿತನ ಹಿಂದಿನ ದಿನಗಳನ್ನು ಕೆದಕಿ ಪಟ್ಟಿ ಮಾಡಿದರು. ಆ ಮೊದಲ ತಿಂಗಳುಗಳಲ್ಲಿ ರಾಜ್ಯ ಮೆಚ್ಚುಗೆ ಗಳಿಸಿದ್ದು ಈ ಕಾಲ್ನಡಿಗೆಯ ಕೆಲಸಕ್ಕೆ. ಆದರೆ ಅದೇ ಹೊತ್ತಿನಲ್ಲಿ ಮನೆ ಕ್ವಾರಂಟೈನಿನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಅಂತರ್ಜಾಲದಲ್ಲಿ ಹಾಕಿತು. ಕೈಗೆ ಮಸಿಯ ಮುದ್ರೆ ಬಿತ್ತು, ಬಾಗಿಲಿಗೆ ಚೀಟಿ ಬಿತ್ತು, ಬೀದಿಗೆ ಬೀದಿಯೇ ಸೀಲ್‌ಡೌನ್ ಆಯಿತು. ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಪಾಲಿಕೆಯ ಸಿಬ್ಬಂದಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ತಗಡನ್ನೇ ಬಡಿದರು. ಆಯುಕ್ತರು ಕ್ಷಮೆ ಕೇಳಿ ತೆಗೆಸಬೇಕಾಯಿತು. ಅದಕ್ಕೂ ಮೊದಲು ಏಪ್ರಿಲ್ 19ರ ರಾತ್ರಿ ನಗರದ ಪಾದರಾಯನಪುರದಲ್ಲಿ ಸಂಪರ್ಕಿತರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಹೋದವರ ಎದುರು ಗಲಭೆಯೇ ನಡೆದುಹೋಯಿತು. ಕರ್ತವ್ಯದ ಮೇಲಿದ್ದವರ ಮೇಲೆ ಏರಿ ಹೋದದ್ದನ್ನು ಯಾರೂ ಸಮರ್ಥಿಸಲಾರರು. ಆದರೂ ಗಂಜಾಂ ಮತ್ತು ಪಾದರಾಯನಪುರ ಎರಡೂ ಕಡೆ ಜನ ಅಂಜಿದ್ದು ರೋಗಕ್ಕಿಂತ ಹೆಚ್ಚಾಗಿ ಹಿಡಿದೊಯ್ಯುವ ಗಾಡಿಗೆ ಎಂಬುದನ್ನು ಚರಿತ್ರೆ ಬರೆಯುವವರು ಬಿಟ್ಟು ಬರೆಯುವಂತಿಲ್ಲ.

ಆರೋಗ್ಯ ಸೇತು ಬಂದದ್ದು ಈ ವಾತಾವರಣಕ್ಕೆ. ಮೊದಲಿಗೆ ಅದು ಇಷ್ಟವಿದ್ದವರು ಹಾಕಿಕೊಳ್ಳುವ ಆ್ಯಪ್. ತಿಂಗಳು ಕಳೆಯುವಷ್ಟರಲ್ಲಿ, ಮೇ 1ರ ಗೃಹ ಮಂತ್ರಾಲಯದ ಆದೇಶದಲ್ಲಿ, ಸರ್ಕಾರಿ ಮತ್ತು ಖಾಸಗಿ ನೌಕರರೆಲ್ಲರಿಗೂ ಕಡ್ಡಾಯವಾಯಿತು. ನೊಯ್ಡಾ ಪೊಲೀಸರು ಫೋನಿನಲ್ಲಿ ಅದು ಇಲ್ಲದಿರುವುದನ್ನೇ ಶಿಕ್ಷಾರ್ಹ ಮಾಡಿದರು. ಮೇ 17ರ ಆದೇಶದಲ್ಲಿ ಸರ್ಕಾರ ಕಡ್ಡಾಯವನ್ನು ಸಡಿಲಿಸಿದರೂ ಅಷ್ಟರಲ್ಲಿ ಅದು ಗೇಟ್‌ಪಾಸ್ ಆಗಿಬಿಟ್ಟಿತ್ತು. ಹಸಿರು ಬಣ್ಣ ತೋರಿಸಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಅಪಾಯದಲ್ಲಿದ್ದೀರಿ ಎಂದು ಹೇಳಬೇಕಾದ ಸಾಧನ, ಅಪಾಯದಲ್ಲಿಲ್ಲ ಎಂದು ತೋರಿಸಿಕೊಳ್ಳುವ ಸಾಧನವಾಯಿತು. ಕೆಮ್ಮು, ಜ್ವರ ಇದೆಯೇ ಎಂದು ಆ್ಯಪ್ ಕೇಳಿದಾಗ ಹೌದು ಎಂದರೆ ಅವತ್ತಿನ ಕೂಲಿ ಹೋಗುತ್ತದೆ ಎಂದಾದ ಮೇಲೆ ಯಾವ ಉತ್ತರ ಬರುತ್ತದೆಂದು ಊಹಿಸಲು ಸಮೀಕ್ಷೆ ಬೇಕಿಲ್ಲ. ಕಾನೂನಿನ ಬುಡವೂ ಗಟ್ಟಿಯಿರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲೇ ತೀರ್ಪಿತ್ತಿದ್ದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆರೋಗ್ಯ ಸೇತುವಿನ ಪ್ರಶ್ನೆಯೂ ಬೆಂಗಳೂರಿನಲ್ಲೇ ಇತ್ಯರ್ಥದ ಹಾದಿ ಹಿಡಿಯಿತು. ಇದಕ್ಕೆ ಆಧಾರವಾದ ಶಾಸನವಿಲ್ಲದಿರುವಾಗ ಆ್ಯಪ್ ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಸೇವೆ ನಿರಾಕರಿಸುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. 2021ರ ಜನವರಿ 25ರಂದು, ಬಳಕೆದಾರರ ಅರಿತ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ಬೇರೆಯವರಿಗೆ ಕೊಡಬಾರದೆಂದು ಮಧ್ಯಂತರ ಆದೇಶ ನೀಡಿತು.

ಈ ವಾದಕ್ಕೆ ಎದುರು ಹೇಳುವವರ ಬಲವಾದ ಮಾತೊಂದಿದೆ. ಸಿಡುಬು ಮುಖದ ಮೇಲೆ ಕಾಣುತ್ತದೆ, ಚಿತ್ರ ಹಿಡಿದು ಗುರುತಿಸಬಹುದು. ಕೊರೊನಾ ಹಾಗಲ್ಲ, ಲಕ್ಷಣ ತೋರುವ ಮೊದಲೇ ಹರಡುತ್ತದೆ. ಬಸ್ಸಿನಲ್ಲಿ ಪಕ್ಕ ನಿಂತವರ ಹೆಸರನ್ನು ಯಾವ ನೆನಪೂ ಹೇಳಲಾರದು, ಆದ್ದರಿಂದ ಯಂತ್ರ ಬೇಕೇ ಬೇಕು ಎಂಬುದು ಆ ಮಾತು. ಇದನ್ನು ಒಪ್ಪಲೇಬೇಕು. ಒಪ್ಪುವುದಕ್ಕೆ ಪುರಾವೆಯೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಎನ್‌ಎಚ್‌ಎಸ್ ಆ್ಯಪ್ 2020ರ ಕೊನೆಯ ಮೂರು ತಿಂಗಳುಗಳಲ್ಲಿ ಸುಮಾರು 2.84 ಲಕ್ಷದಿಂದ 5.94 ಲಕ್ಷ ಸೋಂಕುಗಳನ್ನು ತಪ್ಪಿಸಿರಬಹುದೆಂದು ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಅದನ್ನು ಬಳಸಿದ್ದು ಜನಸಂಖ್ಯೆಯ ಕಾಲುಭಾಗಕ್ಕಿಂತ ತುಸು ಹೆಚ್ಚು ಮಂದಿ. ಆದರೆ ಆ ಆ್ಯಪನ್ನು ಕಟ್ಟಿದ ಬಗೆ ನೋಡಬೇಕು. ಯಾರ ಸಮೀಪ ಯಾರಿದ್ದರೆಂಬ ಲೆಕ್ಕ ಅವರವರ ಫೋನಿನಲ್ಲೇ ಉಳಿಯುತ್ತಿತ್ತು, ಸರ್ಕಾರದ ಕಣಜಕ್ಕೆ ಹೋಗುತ್ತಿರಲಿಲ್ಲ. ಆ್ಯಪ್ ಕೊಟ್ಟ ಎಚ್ಚರಿಕೆಯನ್ನು ಪಾಲಿಸದವರಿಗೆ ದಂಡವಿರಲಿಲ್ಲ. ಕಡಿಮೆ ಆದಾಯದವರು ಮನೆಯಲ್ಲಿ ಉಳಿದರೆ 500 ಪೌಂಡ್ ನೆರವು ಕೊಡುವ ಯೋಜನೆ ಅದೇ ಹೊತ್ತಿಗೆ ಶುರುವಾಗಿತ್ತು. ಆ್ಯಪಿನಿಂದ ಎಚ್ಚರಿಕೆ ಪಡೆದವರಿಗೂ ಅದು ಆಮೇಲೆ ವಿಸ್ತರಿಸಿತು. ಅಲ್ಲಿಯೂ ದುಡ್ಡು ಸಾಲದೆಂಬ ದೂರು ಇತ್ತು, ಇರಲಿ. ಯಂತ್ರ ಗೆದ್ದ ಈ ಉದಾಹರಣೆಯೂ ಸಿಡುಬಿನ ಅಧ್ಯಾಯದ ಸಾಲಿಗೇ ಸೇರುತ್ತದೆ. ಬ್ಲೂಟೂತ್ ತನ್ನಷ್ಟಕ್ಕೆ ಜಾಣನೇನೂ ಅಲ್ಲ. ಗೋಡೆಯಾಚೆ ಮಲಗಿದ ಪಕ್ಕದ ಮನೆಯವರನ್ನೂ ಅದು ಸಂಪರ್ಕಿತರೆಂದು ಎಣಿಸಬಲ್ಲದು. ನಿಜವಾದ ಸಂಪರ್ಕ ಯಾವುದೆಂದು ಕೊನೆಗೆ ಮನುಷ್ಯರೇ ಹೇಳಬೇಕು.

ಗೂಗಲ್, ಫೇಸ್‌ಬುಕ್‌ಗೆ ಎಲ್ಲವನ್ನೂ ಒಪ್ಪಿಸಿ ಕೂತವರು ಸರ್ಕಾರಕ್ಕೆ ಕೊಡಲು ಹಿಂಜರಿಯುವುದೇಕೆ ಎಂದು ಕೇಳುವವರೂ ಉಂಟು. ಉತ್ತರ ಸರಳ: ಕಂಪನಿ ಜಾಹೀರಾತು ತೋರಿಸಬಲ್ಲದು, ಬಾಗಿಲಿಗೆ ತಗಡು ಬಡಿಯಲಾರದು. ತುರ್ತಿನಲ್ಲಿ ಒಪ್ಪಿಗೆ, ಶಾಸನ ಎನ್ನುತ್ತ ಕೂರಲಾಗದು ಎಂಬ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಅದಕ್ಕೆ ಸಿಂಗಪುರವನ್ನು ನೋಡಬಹುದು. 2020ರ ಮಾರ್ಚ್‌ನಲ್ಲಿ ಬಂದ ಅಲ್ಲಿನ ಟ್ರೇಸ್‌ಟುಗೆದರ್ ಈ ಜಾತಿಯ ಆ್ಯಪುಗಳಲ್ಲಿ ಮೊದಲಿನದು. ಸೋಂಕಿನ ಪತ್ತೆಗಲ್ಲದೆ ಬೇರೇನಕ್ಕೂ ಮಾಹಿತಿ ಬಳಸುವುದಿಲ್ಲವೆಂದು ಮಂತ್ರಿಗಳು ಭರವಸೆ ಕೊಟ್ಟಿದ್ದರು. 2021ರ ಜನವರಿಯಲ್ಲಿ, ಅಪರಾಧ ತನಿಖೆಗೆ ಪೊಲೀಸರು ಅದನ್ನು ಪಡೆಯಬಲ್ಲರೆಂದು ಸಂಸತ್ತಿನಲ್ಲೇ ಹೊರಬಿತ್ತು. ಸರ್ಕಾರವನ್ನು ನಂಬುವುದರಲ್ಲಿ ಹೆಸರಾದ ಆ ನಗರದಲ್ಲೂ ಜನ ಸಿಟ್ಟಾದರು. ಮುಂದಿನ ತಿಂಗಳೇ ಸಂಸತ್ತು ಕಾನೂನು ಮಾಡಿ ಏಳು ಬಗೆಯ ಘೋರ ಅಪರಾಧಗಳಿಗೆ ಮಾತ್ರ ಆ ಅವಕಾಶವನ್ನು ಮಿತಿಗೊಳಿಸಿತು. ಒಂದು ತಿಂಗಳಲ್ಲಿ ಶಾಸನ ಮಾಡಬಹುದು ಎಂದು ಇದರಿಂದ ಗೊತ್ತಾಗುತ್ತದೆ. 1897ರಲ್ಲಿ ಬ್ರಿಟಿಷರೂ ವಾರಗಳಲ್ಲೇ ಮಾಡಿದ್ದರು. ನಾಗರಿಕನ ಕಡೆಯ ಪುಟವನ್ನು ಖಾಲಿ ಬಿಟ್ಟಿದ್ದರು, ಅಷ್ಟೆ.

ಆರೋಗ್ಯ ಸೇತುವಿನ ಸಂಪರ್ಕ ಪತ್ತೆ ಸೌಲಭ್ಯವನ್ನು ನಿಲ್ಲಿಸಿ, ಅದಕ್ಕಾಗಿ ಕೂಡಿಟ್ಟ ಮಾಹಿತಿಯನ್ನು ಅಳಿಸಲಾಗಿದೆ ಎಂದು 2022ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಈ ಅವಧಿಯಲ್ಲಿ ನಿಜವಾಗಿ ಮನೆ ಮನೆ ತಿರುಗಿ ಹೆಸರು ಬರೆದುಕೊಂಡ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲೇ, ಸೋಂಕು ಏರುತ್ತಿದ್ದ ದಿನಗಳಲ್ಲೇ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕರ್ನಾಟಕದಲ್ಲಿ ಮುಷ್ಕರ ಹೂಡಬೇಕಾಯಿತು. ಆ್ಯಪಿಗೆ ಸಿಕ್ಕ ಪ್ರಚಾರದ ಒಂದು ಪಾಲು ಗಮನ ಅವರಿಗೆ ಸಿಗಲಿಲ್ಲ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಾಂಕ್ರಾಮಿಕದ ಹೊತ್ತಿನ ಆರೋಗ್ಯ ಸೇವೆಗೆ ಜನರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆಯೇ ಬಳಸಲು ದಾರಿ ಬಿಟ್ಟಿದೆ. ಒಪ್ಪಿಗೆ ಬೇಡವೆಂದಾದರೆ ಭರವಸೆಯಾದರೂ ಬೇಕು. ಸಂಪರ್ಕ ಪತ್ತೆಗೆಂದು ಪಡೆದದ್ದನ್ನು ಪೊಲೀಸರು ಮುಟ್ಟಬಾರದು, ಇಂತಿಷ್ಟು ದಿನದೊಳಗೆ ಅಳಿಸಲೇಬೇಕು, ಕ್ವಾರಂಟೈನಿಗೆ ಹೋದವರ ದಿನಗೂಲಿಯನ್ನು ಸರ್ಕಾರ ಕಟ್ಟಿಕೊಡಬೇಕು. ಈ ಮೂರನ್ನೂ ಶಾಸನದಲ್ಲಿ ಬರೆಯಬೇಕಾದದ್ದು ರೋಗವಿಲ್ಲದ ಈಗ; ಮುಂದಿನ ಸಾಂಕ್ರಾಮಿಕದ ಮೊದಲ ವಾರದಲ್ಲಿ ಅದನ್ನು ಬರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ.