ಮನೆಯಲ್ಲಿ ತೆಲುಗು, ಕೈಯಲ್ಲಿ ಪುರುಷೋತ್ತಮ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಕನ್ನಡ ಹೇಗೆ ಬೇರೂರಿತು ಎಂದು ಕೇಳಿದರೆ ಸಿಗುವ ಉತ್ತರಗಳು ಗೊತ್ತಿರುವಂಥವೇ: ಮೈಸೂರು ಸರ್ಕಾರದ ಶಾಲೆ, ಕಚೇರಿಯ ಕಡತ, 1956ರ ಏಕೀಕರಣ, ಆಮೇಲೆ ಬಂದ ಚಳವಳಿ. ಈ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ ಎಂಬುದು ನನ್ನ ವಾದ. ಅದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಎಷ್ಟೋ ಮನೆಗಳಲ್ಲಿ ತೆಲುಗೇ ಆಡುಮಾತಾಗಿರುವ ಈ ತಾಲೂಕುಗಳಲ್ಲಿ ಕನ್ನಡವು ಪಾಠ ಒಪ್ಪಿಸುವ ಭಾಷೆಯಷ್ಟೇ ಆಗಿ ಉಳಿಯದೆ ಬಿಡುವಿನ ಓದಿನ ಭಾಷೆಯೂ ಆಯಿತಲ್ಲ, ಅದರಲ್ಲಿ ವಿಮರ್ಶಕರು ಮೂಗು ಮುರಿದ ಪತ್ತೇದಾರಿ ಮಾಲೆಗಳ ಪಾಲು ಸಣ್ಣದಲ್ಲ.

ಮಾತು ಒಂದು, ಲಿಪಿ ಇನ್ನೊಂದು ಎನ್ನುವುದು ಇಲ್ಲಿ ಹಳೆಯ ಸಂಗತಿ. ಕೈವಾರದ ನಾರೇಯಣ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದರು. ಅವರ ತೆಲುಗು ತತ್ವಪದಗಳು ಈ ಕಡೆ ಕನ್ನಡ ಅಕ್ಷರದಲ್ಲೇ ಅಚ್ಚಾಗಿ ಬಂದಿವೆ. ಭಜನೆಗೆ ಅಷ್ಟು ಸಾಕು. ಪದ ಮೊದಲೇ ಬಾಯಿಗೆ ಬಂದಿರುತ್ತದೆ, ಪುಸ್ತಕ ನೆನಪಿಗೊಂದು ಆಸರೆ. ಪತ್ತೇದಾರಿ ಕಥೆಯ ಪಾಡು ಬೇರೆ. ಕೊಲೆಗಾರ ಯಾರೆಂಬ ಕುತೂಹಲ ಉಳಿಯಬೇಕಾದರೆ ಕಣ್ಣು ಸಾಲಿನ ಮೇಲೆ ಓಡಬೇಕು. ಅಕ್ಷರ ಕೂಡಿಸಿಕೊಂಡು ಓದುವವರಿಗೆ ಸುಳಿವು ಬಿಚ್ಚಿಕೊಳ್ಳುವ ಹೊತ್ತಿಗೆ ಸುಳಿವೇ ಮರೆತುಹೋಗಿರುತ್ತದೆ.

ಇಲ್ಲೊಂದು ಆಕ್ಷೇಪ ಬರಬಹುದು. ಎರಡೂ ಲಿಪಿಗಳು ಅಕ್ಕತಂಗಿಯರು. ತಲಕಟ್ಟಿನ ವ್ಯತ್ಯಾಸ ಹಿಡಿದುಕೊಂಡರೆ ಕನ್ನಡ ಬಲ್ಲವರು ತೆಲುಗನ್ನೂ ಓದಬಲ್ಲರು. ಗೌರಿಬಿದನೂರು ದಾಟಿ ಗಡಿ ಕಳೆದರೆ ಹಿಂದೂಪುರ. ಕೊಮ್ಮೂರಿ ಸಾಂಬಶಿವರಾವ್ ಸೃಷ್ಟಿಸಿದ ಡಿಟೆಕ್ಟಿವ್ ಯುಗಂಧರ್, ಅವನ ಸಹಾಯಕ ರಾಜು ತೆಲುಗಿನಲ್ಲಿ ಆಗಲೇ ಮನೆಮನೆಯ ಹೆಸರು. ಅಂಥವನನ್ನು ಬಿಟ್ಟು ಪುರುಷೋತ್ತಮನೇ ಏಕೆ? ಇಬ್ಬರನ್ನೂ ಓದಿದವರು ಇದ್ದಿರಲಿ. ಆದರೆ ಕನ್ನಡ ಶಾಲೆಯಲ್ಲಿ ನಾಲ್ಕೈದು ವರ್ಷ ಕೂತು ಎದ್ದವರಿಗೆ ತೆಲುಗಿನ ಅಂಗಡಿ ಬೋರ್ಡು ಓದುವುದು ಸುಲಭ, ಇನ್ನೂರು ಪುಟ ಒಂದೇ ಉಸಿರಿಗೆ ಓದುವುದು ಕಷ್ಟ. ವೇಗ ಕೇಳುವ ಸಾಹಿತ್ಯ ಶಾಲೆ ಕಲಿಸಿದ ಲಿಪಿಯ ಕಡೆಗೇ ವಾಲುತ್ತದೆ.

ಪುಸ್ತಕದ ದಾರಿಯೂ ಕನ್ನಡದ ಕಡೆಯಿಂದಲೇ ಇತ್ತು. ಯಲಹಂಕದಿಂದ 1915ರಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದ ಸಣ್ಣ ರೈಲು ಮರುವರ್ಷ ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರ ಮುಟ್ಟಿತು; ಗೌರಿಬಿದನೂರಿಗೆ ಗುಂತಕಲ್ ಮಾರ್ಗವಿತ್ತು. ಕನ್ನಡದ ಪ್ರಕಾಶಕರು ಬೆಂಗಳೂರಿನಲ್ಲಿ, ತೆಲುಗಿನವರು ದೂರದ ವಿಜಯವಾಡ, ಮದರಾಸಿನಲ್ಲಿ. ಹಾಗಾದರೆ ಇದು ಬರೀ ವ್ಯಾಪಾರದ ಲೆಕ್ಕ, ಭಾಷೆಯ ಒಲವಲ್ಲ ಎನ್ನಬಹುದು. ಎನ್ನಲಿ. ರೇಷ್ಮೆಗೂಡಿನ ಮಾರುಕಟ್ಟೆಯ ಶಿಡ್ಲಘಟ್ಟಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸಂತೆಯಲ್ಲಿ ಹಬ್ಬಿದ ಭಾಷೆ ಸಭೆಯಲ್ಲಿ ಹಬ್ಬಿದ್ದಕ್ಕಿಂತ ಗಟ್ಟಿ.

ಇನ್ನು ಗುಣಮಟ್ಟದ ಮಾತು. ಅದೇ ಪತ್ತೇದಾರ, ಅದೇ ವೇಷ ಮರೆಸುವಿಕೆ, ಕೊನೆಗೆ ಕಳ್ಳ ಸಿಕ್ಕೇ ಸಿಗುತ್ತಾನೆ. ಇದೂ ಒಂದು ಸಾಹಿತ್ಯವೇ ಎಂಬ ತಕರಾರು ಹಳೆಯದು. ನರಸಿಂಹಯ್ಯ ಓದಿದ್ದು 4ನೇ ತರಗತಿಯವರೆಗೆ, ಬರೆದದ್ದು 500ಕ್ಕೂ ಮೀರಿದ ಕಾದಂಬರಿ. ಇಷ್ಟು ಬರೆದಾಗ ಜೊಳ್ಳು ಇರದೇ ಹೋಗುತ್ತದೆಯೇ? ಆದರೆ ತಕರಾರು ಮಾಡುವವರು ಆಗಲೇ ಓದಿನಲ್ಲಿ ಪಳಗಿದವರು. ಹೊಸ ಓದುಗನಿಗೆ ಬೇಕಾದದ್ದು ಪರಿಚಿತ ಹೆಸರು, ಚಿಕ್ಕ ವಾಕ್ಯ, ಹಿಂದಿನ ಪುಸ್ತಕದಲ್ಲಿ ಕಂಡ ಪದವೇ ಮುಂದಿನದರಲ್ಲೂ ಸಿಗುವ ಭರವಸೆ. ಹತ್ತನೆಯ ಪುಸ್ತಕ ಮೊದಲನೆಯದಕ್ಕಿಂತ ಸಲೀಸಾಗುವುದು ಮಾಲೆಯಲ್ಲಿ ಮಾತ್ರ. ಅಗಾಥಾ ಕ್ರಿಸ್ಟಿಯ ಪತ್ತೇದಾರ ಪ್ವಾರೊ 1920ರಿಂದ 1975ರವರೆಗೆ ಓದುಗರನ್ನು ಹಿಡಿದಿಟ್ಟದ್ದರಲ್ಲೂ ಇದೇ ನೆಮ್ಮದಿಯ ಪಾಲಿದೆ: ಕೊಲೆ ನಡೆದರೂ ಲೋಕ ಕೊನೆಗೆ ಸರಿಹೋಗುತ್ತದೆ. ಪುರುಷೋತ್ತಮನ ಲೋಕದಲ್ಲಿ ಇಂಗ್ಲಿಷ್ ಹಳ್ಳಿಯ ಚಹಾಕೂಟವಿಲ್ಲ, ಓಡಾಟ ಹೊಡೆದಾಟ ಹೆಚ್ಚು. ಆ ನೆಮ್ಮದಿ ಮಾತ್ರ ಅದೇ.

ಪತ್ತೇದಾರಿಗೂ ಭಾಷಾಭಿಮಾನಕ್ಕೂ ನಂಟು ಕಟ್ಟುವುದು ಅತಿಯಾಯಿತು ಎನ್ನುವವರು ಮ. ರಾಮಮೂರ್ತಿಯವರನ್ನು ನೆನೆಯಬೇಕು. ಹಳದಿ–ಕೆಂಪಿನ ಕನ್ನಡ ಬಾವುಟ ರೂಪಿಸಿದವರು, 1967ರಲ್ಲಿ ತೀರಿಕೊಂಡ ಆ ಹೋರಾಟಗಾರರು, ಸಾಲು ಸಾಲಾಗಿ ಪತ್ತೇದಾರಿ ಕಾದಂಬರಿ ಬರೆದವರೂ ಹೌದು. ಬಾವುಟಕ್ಕೆ ಗೌರವ ಸಂದಿದೆ, ಕಾದಂಬರಿಗಳನ್ನು ಕೇಳುವವರಿಲ್ಲ.

ನಿಜ, ಒಬ್ಬ ಪತ್ತೇದಾರ ಸಾಕ್ಷರತೆ ತರಲಾರ. ಅಕ್ಷರ ಕಲಿಸಿದ್ದು ಶಾಲೆಯೇ. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸಾಕ್ಷರತೆ ಶೇ. 69.76, ರಾಜ್ಯದ ಸರಾಸರಿಗಿಂತ ಕಡಿಮೆ. ಆದರೆ ಕಲಿತ ಅಕ್ಷರ ಬಳಕೆಯಿಲ್ಲದೆ ತುಕ್ಕು ಹಿಡಿಯದಂತೆ ನೋಡಿಕೊಂಡವರ ಲೆಕ್ಕ ಜನಗಣತಿಯಲ್ಲಿ ಸಿಗುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಆಸರೆಯಲ್ಲಿ ನಡೆಯುವ ಜಿಲ್ಲಾ ಗ್ರಂಥಾಲಯಗಳು ಈ ಮಾಲೆಗಳನ್ನು ಸ್ಥಳೀಯ ಇತಿಹಾಸದ ದಾಖಲೆಯೆಂದೇ ಕೂಡಿಡಬೇಕು. ಈ ನಾಲ್ಕು ತಾಲೂಕುಗಳಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ರಟ್ಟು ಕಿತ್ತ ಪುರುಷೋತ್ತಮ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.