ಏಳು ಸೀಟಿನ ಬಾಡಿಗೆ ಕಾರು (ಕೊಳ್ಳೇಗಾಲ, ಹನೂರು, ಯಳಂದೂರು)

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಕುಟುಂಬ ಅಥವಾ ಗುಂಪಿನ ಪ್ರಯಾಣಕ್ಕೆ ಚಾಲಕನ ಸಮೇತ ಗೊತ್ತುಮಾಡುವ ವಾಹನ. ಕೊಳ್ಳೇಗಾಲಕ್ಕೆ ರೈಲಿಲ್ಲ; ಮಂದಿ ಬಸ್ಸನ್ನೋ ಕಾರನ್ನೋ ನೆಚ್ಚಬೇಕು. ಹೆಚ್ಚಿನ ಬಾಡಿಗೆಗಳು ದೇವರ ದಾರಿಯವು: ಹನೂರಿನ ಮೇಲೆ ಹಾದು ಮಲೆ ಮಹದೇಶ್ವರ ಬೆಟ್ಟ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮುಂಚಿತವಾಗಿ ಹೇಳಿಡದಿದ್ದರೆ ಗಾಡಿ ಸಿಗುವುದು ಕಷ್ಟ.

ಇಂಥ ಬಾಡಿಗೆಗೆ ಓಡುವ ಗಾಡಿಗಳ ಪೈಕಿ ಟೊಯೋಟಾ ಕ್ವಾಲಿಸ್ 2000ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ, 2012ರಲ್ಲಿ ಅಗ್ಗದ ಆಯ್ಕೆಯಾಗಿ ಮಾರುತಿ ಎರ್ಟಿಗಾ ಬಂದವು. ಏಳು ಸೀಟು ಎಂದರೆ ಚಾಲಕನೂ ಸೇರಿ ಏಳು. ಪ್ರಯಾಣಿಕರು ಆರೇ ಜನ. ಮುಡಿ ಕೊಡಲು ಹೊರಟ ಮನೆಮಂದಿ ಇದನ್ನು ಒಪ್ಪುವುದು ಅಪರೂಪ, ಮಡಿಲ ಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದಿನ ಸಾಲು ತುಂಬಿದರೆ ಅಡುಗೆ ಪಾತ್ರೆ, ಅಕ್ಕಿಚೀಲಗಳಿಗೆ ಜಾಗ ಸಾಲದು. ಬೆಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವವರನ್ನು ಆ ಸಾಲಿನಲ್ಲಿ ಕೂರಿಸದಿರುವುದು ಲೇಸು.

ದರವನ್ನು ಕಿಲೋಮೀಟರ್ ಲೆಕ್ಕದಲ್ಲಿ, ಹೋಗಿ ಬರುವ ದೂರ ಸೇರಿಸಿ ಹೇಳುತ್ತಾರೆ. ದೂರದ ಪ್ರಯಾಣಕ್ಕೆ ದಿನಕ್ಕೆ ಕನಿಷ್ಠ ಕಿಲೋಮೀಟರ್ ಎಂಬ ಷರತ್ತು ಇರುತ್ತದೆ. ಚಾಲಕನ ಬಾಟಾ, ಟೋಲ್, ಪಾರ್ಕಿಂಗ್ ಸಾಮಾನ್ಯವಾಗಿ ಬೇರೆ. ಗಡಿಯ ಪಾಲಾರ್ ದಾಟಿ ತಮಿಳುನಾಡಿಗೆ ಹೋಗುವುದಾದರೆ ಪರ್ಮಿಟ್ ಮತ್ತು ತೆರಿಗೆಯ ಮಾತನ್ನು ಮೊದಲೇ ಮುಗಿಸಬೇಕು.

ಬಾಡಿಗೆ ಕಾರಿನ ಗುರುತು ಹಳದಿ ಫಲಕದ ಮೇಲಿನ ಕಪ್ಪು ಅಕ್ಷರ. ಪರಿಚಯದವರ ಬಿಳಿ ಫಲಕದ ಕಾರು ಅಗ್ಗಕ್ಕೆ ಸಿಗಬಹುದು. ಆದರೆ 1988ರ ಮೋಟಾರು ವಾಹನ ಕಾಯ್ದೆಯಡಿ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವಂತಿಲ್ಲ, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಏಳುತ್ತದೆ.